ಬಚ್ಚಲ ನೀರಿಗೆ ಬೇರಿನ ಹಾಸು: ಮಳೆಗಾಲ ಕಳೆದ ನಂತರದ ಸ್ಥಿತಿ

ಶಿರಸಿ ಸೀಮೆಯ ನಮ್ಮ ಮನೆಯ ಬಚ್ಚಲು ಮತ್ತು ಅಡುಗೆಮನೆಯ ನೀರು ತೋಟದ ಕಾದಿಗೆಗೆ, ಅಂದರೆ ಬಸಿಗಾಲುವೆಗೆ ಇಳಿದು, ಹಳ್ಳ ಸೇರಿ, ಕೊನೆಗೆ ಅಘನಾಶಿನಿಯನ್ನು ಕೂಡಿಕೊಳ್ಳುತ್ತದೆ. ಅಣೆಕಟ್ಟೆಯಿಲ್ಲದೆ ಸಮುದ್ರ ಸೇರುವ ಈ ನದಿಯ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ್ದು 2024ರಲ್ಲಿ ಪ್ರಕಟವಾಯಿತು. ಅಲ್ಲಿನ ಬಳಚು ಎಂಬ ಚಿಪ್ಪುಜೀವಿ ನೀರನ್ನು ಸೋಸಿಯೇ ಆಹಾರ ಪಡೆಯುವ ಜೀವಿಯಾದ್ದರಿಂದ, ಘಟ್ಟದ ಮೇಲಿನವರು ಹರಿಯಬಿಟ್ಟದ್ದು ಅದರ ಒಡಲನ್ನು ಹಾದೇ ಹೋಗಬೇಕು. ಈ ಕಾರಣಕ್ಕಾಗಿ ಬೇಸಿಗೆಯಲ್ಲಿ ಬಚ್ಚಲ ಹಿಂದೆ, ಜಲ್ಲಿಯಲ್ಲಿ ಗಿಡ ಬೆಳೆಸಿ ಕೊಳೆನೀರನ್ನು ಶುದ್ಧಗೊಳಿಸುವ ಬೇರಿನ ಹಾಸೊಂದನ್ನು ಕಟ್ಟಿದೆವು.

ಗುಂಡಿ 10 ಅಡಿ ಉದ್ದ, 4 ಅಡಿ ಅಗಲ, 2 ಅಡಿ ಆಳವಿದೆ. ತಳಕ್ಕೆ ಕೃಷಿಹೊಂಡಕ್ಕೆ ಬಳಸುವ ಪ್ಲಾಸ್ಟಿಕ್ ಹಾಳೆಯನ್ನು ಹಾಸಿ, 20 ಮಿಲಿಮೀಟರ್ ಜಲ್ಲಿ ತುಂಬಿ, ಲಾವಂಚ ಮತ್ತು ಕ್ಯಾನಾ ನೆಟ್ಟಿದ್ದೇವೆ. ಜಲ್ಲಿಯ ಸಂದುಗಳಲ್ಲಿ ಸುಮಾರು 900 ಲೀಟರ್ ಹಿಡಿಯುವುದರಿಂದ, ದಿನಕ್ಕೆ 400 ಲೀಟರಿನಷ್ಟು ಹೊರಬಿಡುವ ನಮ್ಮ ಮನೆಯ ನೀರಿಗೆ ಅಲ್ಲಿ ಎರಡು ದಿನ ತಂಗಲು ಅವಕಾಶವಿದೆ. ನೀರು ಹೊರಬೀಳುವ ತುದಿಯಲ್ಲಿ ಚಿರೆಕಲ್ಲಿನ ಚೂರುಗಳಿವೆ. ಅವುಗಳಲ್ಲಿರುವ ಕಬ್ಬಿಣದ ಆಕ್ಸೈಡ್ ಫಾಸ್ಫೇಟನ್ನು ಹಿಡಿದಿಟ್ಟುಕೊಳ್ಳುತ್ತದೆ.

ನೋಡಲು ಬಂದವರೆಲ್ಲ ಗಿಡಗಳನ್ನೇ ಹೊಗಳುತ್ತಾರೆ. ಆದರೆ ಕೊಳೆಯನ್ನು ತಿಂದು ಮುಗಿಸುವ ಕೆಲಸದ ಬಹುಪಾಲು ನಡೆಯುವುದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳಿಂದ. ಕಳೆದ ವಾರ ಮೇಲಿನ ಜಲ್ಲಿಯನ್ನು ಸರಿಸಿ ಒಂದು ಕಲ್ಲನ್ನು ಎತ್ತಿದಾಗ, ಅದರ ಸುತ್ತ ಬೂದುಬಣ್ಣದ ಜಾರುವ ಲೋಳೆ ತೆಳ್ಳಗೆ ಕಟ್ಟಿತ್ತು, ಆ ಲೋಳೆಯೊಳಗೆ ಲಾವಂಚದ ಎಳೆಬೇರುಗಳು ಹೆಣೆದುಕೊಂಡಿದ್ದವು. ಬೇರಿನ ಹತ್ತಿರ ಸೋರುವ ಅಲ್ಪ ಆಮ್ಲಜನಕದಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೇಟಾಗಿಸಿದರೆ, ಗಾಳಿಯಿಲ್ಲದ ಪಕ್ಕದ ಸಂದಿನಲ್ಲಿ ಬೇರೆಯವು ಆ ನೈಟ್ರೇಟನ್ನು ಸಾರಜನಕ ಅನಿಲವಾಗಿಸಿ ಗಾಳಿಗೆ ಬಿಡುತ್ತವೆ. 1950ರ ದಶಕದಲ್ಲಿ ಜರ್ಮನಿಯ ಕೇಟೆ ಸೈಡೆಲ್ ಜೊಂಡು ಹುಲ್ಲಿನಿಂದ ಕೊಳೆನೀರನ್ನು ಶುದ್ಧಗೊಳಿಸುವ ಪ್ರಯೋಗಗಳನ್ನು ಆರಂಭಿಸಿದ ಮೇಲೆ ಈ ವಿಧಾನ ಬೆಳೆಯುತ್ತ ಬಂದಿದೆ.

ಅಂಗಡಿಯಲ್ಲಿ ಸಿಗುವ ಬ್ಯಾಕ್ಟೀರಿಯಾ ಪುಡಿಯನ್ನು ನಾವು ತರಲಿಲ್ಲ, ತರಬೇಕೆಂದೂ ನನಗೆ ಅನಿಸುವುದಿಲ್ಲ. ಬೇಕಾದ ಜೀವಿಗಳು ಬಚ್ಚಲ ನೀರಿನಲ್ಲೇ ಇರುತ್ತವೆ. ಅವುಗಳಿಗೆ ನೆಲೆ ಕೊಟ್ಟು, ಕೊಲ್ಲದೆ ಇದ್ದರೆ ಸಾಕು. ಅಮ್ಮ ಬ್ಲೀಚಿಂಗ್ ಪುಡಿಯನ್ನು ಬಿಟ್ಟು ಅಂಟುವಾಳ, ಶೀಗೆಗೆ ಮರಳಿದ್ದು ಈ ಯೋಜನೆಗೆ ಸಂದ ಬಹುದೊಡ್ಡ ನೆರವು. ಅಡುಗೆಮನೆಯ ಜಿಡ್ಡು ಮುಂಚಿನ ಸಣ್ಣ ತೊಟ್ಟಿಯಲ್ಲೇ ತೇಲಿ ನಿಲ್ಲುತ್ತದೆ, ಅದನ್ನು ತೆಗೆದು ಗೊಬ್ಬರಗುಂಡಿಗೆ ಹಾಕುತ್ತೇವೆ.

ಆಷಾಢದ ಜಡಿಮಳೆಯಲ್ಲಿ ಅಂಗಳದ ನೀರು ನುಗ್ಗದಂತೆ ಸುತ್ತ ಏರಿ ಹಾಕಿದ್ದು ಉಪಯೋಗಕ್ಕೆ ಬಂತು. ಈಗ ಒಳಹರಿವಿನ ಬಳಿ ಸ್ವಲ್ಪ ಕೊಳೆತ ವಾಸನೆಯಿದ್ದರೂ ಹೊರಬೀಳುವ ನೀರಿಗೆ ವಾಸನೆಯಿಲ್ಲ, ನೊರೆಯೂ ಇಲ್ಲ. ಅದನ್ನು ಬಾಳೆಗಿಡಗಳ ಬುಡಕ್ಕೆ ಬಿಡುತ್ತಿದ್ದೇವೆ.

ಮುಂದಿನ ಕೆಲಸ ಅಡಿಕೆ ಕೊಯ್ಲಿಗೆ ಮುನ್ನ ಮುಗಿಯಬೇಕು. ಅಡಿಕೆ ಬೇಯಿಸಿದ ಚೊಗರಿನಲ್ಲಿ ಟ್ಯಾನಿನ್ ಹೇರಳವಾಗಿದ್ದು, ಅದು ಬ್ಯಾಕ್ಟೀರಿಯಾಗಳನ್ನು ಹತ್ತಿಕ್ಕುತ್ತದೆ. ಹಾಗಾಗಿ ಹಂಡೆಯನ್ನು ತೊಳೆದ ನೀರಿಗೆ ಬೇರೆಯೇ ಪೈಪ್ ಹಾಕಿ, ಅದನ್ನು ಹಾಸಿನಿಂದ ಪೂರ್ತಿ ದೂರವಿಡಲಿದ್ದೇವೆ.