ಆಲಿಕೆಯ ಟಿಪ್ಪಣಿ: ರಾನೆಟ್ಸ್ ತಟ್ಟೆಯ ಗಂಟು

ಶ್ರೇಷ್ಠವೆಂದು ಹೆಸರಾದ ಆಲ್ಬಂಗಳನ್ನು ಒಂದೊಂದಾಗಿ, ನಡುವೆ ಮುಳ್ಳೆತ್ತದೆ ಪೂರ್ತಿ ಕೇಳುವ ನನ್ನ ಕೆಲಸ ಈ ಮಳೆಗಾಲದಲ್ಲಿ 1964ರ ಒಂದು ಗ್ರಾಮಫೋನ್ ತಟ್ಟೆಯ ಬಳಿ ನಿಂತುಹೋಗಿತ್ತು. ಅದು ರಾನೆಟ್ಸ್ ಎಂಬ ಮೂವರು ಅಮೆರಿಕನ್ ಗಾಯಕಿಯರ ತಂಡದ ಎಲ್‌ಪಿ. ನಿರ್ಮಾಪಕ ಫಿಲ್ ಸ್ಪೆಕ್ಟರ್. ಅದಕ್ಕೆ ಮುಂಚಿನ ತಟ್ಟೆಗಳೆಲ್ಲ ತೊಡಕಿಲ್ಲದೆ ಸಾಗಿದ್ದರಿಂದ ಅವುಗಳ ವಿವರವನ್ನು ಬಿಟ್ಟು ಇದೊಂದನ್ನೇ ಬರೆಯುತ್ತಿದ್ದೇನೆ.

ತೊಡಕು ಏನೆಂಬುದು ಈ ಹವ್ಯಾಸದಲ್ಲಿರುವವರಿಗೆ ಗೊತ್ತೇ ಇದೆ. 2003ರಲ್ಲಿ ಸ್ಪೆಕ್ಟರ್‌ನ ಮನೆಯಲ್ಲಿ ನಟಿ ಲಾನಾ ಕ್ಲಾರ್ಕ್‌ಸನ್ ಗುಂಡೇಟಿನಿಂದ ಸತ್ತರು. 2009ರಲ್ಲಿ ಅವನ ಮೇಲಿನ ಕೊಲೆಯ ಆರೋಪ ಸಾಬೀತಾಯಿತು. 2021ರಲ್ಲಿ ಅವನು ಶಿಕ್ಷೆ ಅನುಭವಿಸುತ್ತಲೇ ತೀರಿಕೊಂಡ. ಇಷ್ಟೇ ಆಗಿದ್ದರೆ ಹಾಡುಗಳು ಹುಟ್ಟಿ ನಲವತ್ತು ವರ್ಷಗಳ ನಂತರದ ಪಾತಕವೆಂದು ಯಾರಾದರೂ ವಾದಿಸಬಹುದಿತ್ತು. ಆದರೆ ಈ ತಟ್ಟೆಯಲ್ಲಿ ಹಾಡುತ್ತಿರುವ ವೆರೋನಿಕಾ, ಅಂದರೆ ರೋನಿ, 1968ರಲ್ಲಿ ಅವನನ್ನು ಮದುವೆಯಾದರು. ಮನೆಯಿಂದ ಹೊರಗೆ ಹೋಗದಂತೆ ಅವನು ತಮ್ಮನ್ನು ಕೂಡಿಹಾಕಿದ್ದನ್ನೂ, 1972ರಲ್ಲಿ ತಾಯಿಯ ನೆರವಿನಿಂದ ಬರಿಗಾಲಿನಲ್ಲಿ ತಪ್ಪಿಸಿಕೊಂಡು ಬಂದದ್ದನ್ನೂ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ.

ಅಗ್ರಹಾರದಲ್ಲಿರುವ ನನ್ನ ಸೋದರಮಾವ ವೀಣೆ ನುಡಿಸುವವರು. ಅವರಿಗೆ ಇದನ್ನೆಲ್ಲ ಹೇಳಿದಾಗ, "ಕಛೇರಿ ಕೇಳೋಕೆ ಹೋದವನು ವಿದ್ವಾಂಸರ ಜಾತಕ ಕೇಳ್ತಾನೇನಯ್ಯಾ? ಕಣ್ಣು ಮುಚ್ಚಿ ಕೇಳು" ಎಂದರು. ಮಾವನ ಮಾತನ್ನು ತೆಗೆದುಹಾಕುವ ಮನಸ್ಸು ನನಗಿಲ್ಲ. ಅನೇಕ ತಟ್ಟೆಗಳಿಗೆ ಅದೇ ಸರಿಯಾದ ಮಾತು. ಈ ತಟ್ಟೆಗೆ ಮಾತ್ರ ಅದು ಒಗ್ಗಲಿಲ್ಲ. ಏಕೆಂದರೆ ಇಲ್ಲಿ ಕಣ್ಣು ಮುಚ್ಚಿದರೂ ಕಿವಿಗೆ ಬೀಳುವುದು ಅವನ ಸ್ವಭಾವವೇ. ಲಾಸ್ ಏಂಜಲೀಸ್‌ನ ಗೋಲ್ಡ್ ಸ್ಟಾರ್ ಸ್ಟುಡಿಯೊದಲ್ಲಿ ಅವನು ಹಲವು ಗಿಟಾರ್, ಹಲವು ಪಿಯಾನೊಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿ, ಒಂದೇ ಸಾಲನ್ನು ಮತ್ತೆ ಮತ್ತೆ ನುಡಿಸಿ, ಆ ನಾದವನ್ನು ಪ್ರತಿಧ್ವನಿಯ ಕೋಣೆಗೆ ಹಾಯಿಸಿ ಮುದ್ರಿಸುತ್ತಿದ್ದ. ಯಾವ ವಾದ್ಯವೂ ಬಿಡಿಯಾಗಿ ಕೇಳಬಾರದು, ಎಲ್ಲವೂ ಸೇರಿ ಒಂದು ಗೋಡೆಯಾಗಬೇಕು ಎಂಬುದೇ ಅವನ ವಿಧಾನ. ಮನುಷ್ಯರ ಹೆಸರುಗಳನ್ನೂ ಅವನು ಹೀಗೆಯೇ ಕರಗಿಸಿದ. 1962ರಲ್ಲಿ ಡಾರ್ಲೀನ್ ಲವ್ ಹಾಡಿದ ಹಾಡು ಕ್ರಿಸ್ಟಲ್ಸ್ ಎಂಬ ಬೇರೊಂದು ತಂಡದ ಹೆಸರಿನಲ್ಲಿ ಹೊರಬಂದು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು. ಕೃತಿ ಬೇರೆ, ಕರ್ತೃ ಬೇರೆ ಎನ್ನಲು ಎರಡರ ನಡುವೆ ಒಂದು ಸಂದಾದರೂ ಬೇಕು. ನನಗೆ ಆ ಸಂದು ಸಿಗುತ್ತಿರಲಿಲ್ಲ.

ನನ್ನ ಬಳಿ ಇದ್ದದ್ದು ಸ್ಟೀರಿಯೊ ಪ್ರತಿ ಎಂಬುದು ತೊಡಕಿನ ಇನ್ನೊಂದು ಎಳೆ. ಮೋನೊ, ಅಂದರೆ ಎಲ್ಲ ನಾದವೂ ಒಂದೇ ವಾಹಿನಿಯಲ್ಲಿ ಸೇರಿರುವ ಪ್ರತಿಯೇ ಬೇಕೆಂದು ಸ್ಪಷ್ಟವಾಗಿ ಕೇಳಿ, ಮೋನೊ ಬೆಲೆಯನ್ನೇ ತೆತ್ತು ತರಿಸಿದ ತಟ್ಟೆಯದು. ಲೇಬಲ್ಲಿನ ಪಕ್ಕದ ಖಾಲಿ ಜಾಗದಲ್ಲಿ ಗೀರಿರುವ, ಯಾವ ಪ್ರತಿಯೆಂದು ತಿಳಿಸುವ ಸಂಖ್ಯೆಯನ್ನು ಓದಿ ತಿಳಿಸಿ ಎಂದು ವ್ಯಾಪಾರಿಗೆ ಮುಂಚೆಯೇ ಬರೆದಿದ್ದೆ. ಅವರು ಹೊದಿಕೆಯ ಚಿತ್ರವನ್ನಷ್ಟೇ ಕಳಿಸಿ ಸುಮ್ಮನಾದರು, ಮರಳಿಸುವ ವೆಚ್ಚವನ್ನೂ ನನ್ನ ಮೇಲೆಯೇ ಹಾಕಿದರು. ಹಳೆಯ ತಟ್ಟೆ ಮಾರುವವರು ಒಂದು ಭೂತಗನ್ನಡಿ ಇಟ್ಟುಕೊಳ್ಳುವುದು ಅಷ್ಟು ಕಷ್ಟದ ಮಾತೇ? ಸ್ಟೀರಿಯೊದಲ್ಲಿ ವಾದ್ಯಗಳು ಎಡಕ್ಕೂ ಬಲಕ್ಕೂ ಹಂಚಿಹೋಗಿ ಗೋಡೆ ಚೆದುರುತ್ತದೆ. ಚೆದುರಿದ ಗೋಡೆಯನ್ನು ಕೇಳಿ ಈ ಆಲ್ಬಂ ಬಗ್ಗೆ ಯಾವ ತೀರ್ಮಾನಕ್ಕೂ ಬರಲಾಗದು.

ಕೊನೆಗೆ ಬೇರೆಡೆಯಿಂದ ಮೋನೊ ಮರುಮುದ್ರಣ ಬಂತು. ಆಂಪ್ಲಿಫೈಯರಿನ ಮೋನೊ ಗುಂಡಿ ಒತ್ತಿ, ಒಂದೇ ಸ್ಪೀಕರ್ ಉಳಿಸಿಕೊಂಡು 1963ರ ಆ ಹೆಸರಾಂತ ಹಾಡು 'ಬಿ ಮೈ ಬೇಬಿ'ಯನ್ನು ಹಾಕಿದೆ. ಹಾಲ್ ಬ್ಲೇನ್ ಅವರ ಡ್ರಮ್ಮಿನ ಮೂರು ಪೆಟ್ಟು, ನಾಲ್ಕನೆಯದಕ್ಕೆ ಚಿಮ್ಮುವ ಸಿಡಿತ, ಮತ್ತೆ ಅದೇ. ನಂತರ ಎಲ್ಲ ವಾದ್ಯಗಳೂ ಒಂದರೊಳಗೊಂದು ಇಳಿದು, ಯಾವುದು ಗಿಟಾರ್, ಯಾವುದು ಪಿಯಾನೊ ಎಂದು ಹೇಳಲಾಗದ ಸ್ಥಿತಿ. ಆಗ ರೋನಿ ಬರುತ್ತಾರೆ. ಆ ನಾದದಲ್ಲಿ ಕರಗದೆ, ಅಂಚು ಅಂಚಾಗಿ ಕೇಳುವುದು ಅವರ ಕಂಠವೊಂದೇ. ಸ್ವರವನ್ನು ಹಿಡಿದು ಕೊನೆಯಲ್ಲಿ ನಡುಗಿಸುವ ಬಗೆ, ಮಾತು ಮುಗಿದ ಮೇಲೂ 'ಓ ಓ' ಎಂದು ಮುಂದುವರಿಯುವ ಆ ಎಳೆತ, ಇವು ನ್ಯೂಯಾರ್ಕಿನ ಹುಡುಗಿಯೊಬ್ಬಳು ಅವನ ಕಣ್ಣಿಗೆ ಬೀಳುವ ಮೊದಲೇ ತನ್ನದಾಗಿಸಿಕೊಂಡಿದ್ದ ಸೊತ್ತು. ನಾನು ಹುಡುಕುತ್ತಿದ್ದ ಸಂದು ಕೃತಿಗೂ ಕರ್ತೃವಿಗೂ ನಡುವೆ ಇರಲಿಲ್ಲ. ಆ ಗೋಡೆಗೂ ಈ ಕಂಠಕ್ಕೂ ನಡುವೆ ಇತ್ತು. ಅವನ ಕಾರಣಕ್ಕೆ ಈ ತಟ್ಟೆಯನ್ನು ಕಪಾಟಿಗೆ ತಳ್ಳಿದರೆ ಮತ್ತೊಮ್ಮೆ ಬಾಯಿ ಮುಚ್ಚಿಸಿಕೊಳ್ಳುವವರು ರೋನಿಯೇ.

ಇದರಿಂದ ಅವನು ಪಾರಾದನೆಂದು ನಾನು ಬರೆಯಲಾರೆ. ಆ ಗೋಡೆ ಅವನದೇ, ಅದು ಅದ್ಭುತವಾಗಿದೆ, ಮತ್ತು ಅದನ್ನು ಕಟ್ಟಿದ ಹಟವೇ ಮನೆಯ ಬಾಗಿಲನ್ನೂ ಮುಚ್ಚಿತು ಎಂಬುದು ನನ್ನ ಅನಿಸಿಕೆ. ಹಣದ ಮಾತೂ ಇದೆ. ತಮಗೆ ಸಲ್ಲಬೇಕಾದ ಗೌರವಧನಕ್ಕಾಗಿ ರಾನೆಟ್ಸ್‌ನ ಈ ಮೂವರು ವರ್ಷಗಟ್ಟಲೆ ಕೋರ್ಟು ಹತ್ತಿದರು. 2002ರಲ್ಲಿ ನ್ಯೂಯಾರ್ಕಿನ ಉಚ್ಚ ನ್ಯಾಯಪೀಠವು ತಟ್ಟೆಗಳ ಮಾರಾಟದಲ್ಲಿ ಅವರಿಗೆ ಪಾಲಿದೆ ಎಂದಿತಾದರೂ, ಹಾಡುಗಳನ್ನು ಸಿನಿಮಾಗಳಿಗೆ ಕೊಟ್ಟು ಬಂದ ಹಣದಲ್ಲಿ ಇಲ್ಲವೆಂದಿತು. ಆದ್ದರಿಂದ ನನ್ನ ಟಿಪ್ಪಣಿ ಪುಸ್ತಕದಲ್ಲಿ ಇನ್ನು ಮುಂದೆ ನಿರ್ಮಾಪಕನ ಹೆಸರಿಗೂ ಮೊದಲು ಹಾಡಿದವರು, ನುಡಿಸಿದವರು, ಹಿಂದಿನ ಸಾಲಿನಲ್ಲಿ ದನಿಗೂಡಿಸಿದವರು, ಎಲ್ಲರ ಹೆಸರೂ ಬರುತ್ತವೆ. ಈ ಹಾಡಿನ ಹಿಂದಿನ ಸಾಲಿನಲ್ಲಿ ಆಗಿನ್ನೂ ಹೆಸರಾಗದ ಗಾಯಕಿ ಶೇರ್ ಇದ್ದಾರೆಂಬುದು ಹಾಗೆ ಬರೆಯುವಾಗ ದಾಖಲಾದ ಸಂಗತಿ.

ಇದೇ ಕ್ರಮದಲ್ಲಿ ಮುಂದೆ ಕೈಗೆತ್ತಿಕೊಳ್ಳಲಿರುವುದು ನಮ್ಮ ಊರಿಗೇ ತಗಲಿಕೊಂಡ ಗಂಟು. ಜರ್ಮನ್ ಸಂಗೀತ ರಚನಕಾರ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಗೀತೆಗಳ ಮೊದಲ ಪ್ರಯೋಗ 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನಡೆದದ್ದು ಜಯಚಾಮರಾಜ ಒಡೆಯರು ಕೊಟ್ಟ ಹಣದ ಭರವಸೆಯಿಂದ. ಅದರ ಮುದ್ರಿಕೆ ಮೈಸೂರಿಗೆ, ಅವರ ಅಪಾರ ತಟ್ಟೆಗಳ ಸಂಗ್ರಹಕ್ಕೆ ಬಂತು. ಹಾಡಿದವರು ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ವಾದ್ಯವೃಂದವನ್ನು ನಡೆಸಿದವರು ಫುರ್ಟ್‌ವೆಂಗ್ಲರ್. ಸ್ಟ್ರಾಸ್ 1933ರಿಂದ 1935ರವರೆಗೆ ನಾಟ್ಸಿ ಸರ್ಕಾರದ ಸಂಗೀತ ಮಂಡಳಿಯ ಅಧ್ಯಕ್ಷರಾಗಿದ್ದರು. ಫುರ್ಟ್‌ವೆಂಗ್ಲರ್ ಯುದ್ಧಾನಂತರ ನಾಟ್ಸಿ ನಂಟಿನ ವಿಚಾರಣೆ ಎದುರಿಸಿ ಆರೋಪಮುಕ್ತರಾದರು. ಇಲ್ಲಿ ಕೊಲೆಯಿಲ್ಲ, ಮೌನವಿದೆ, ರಾಜಿಯಿದೆ. ಗೋಡೆ-ಕಂಠದ ಲೆಕ್ಕ ಇದಕ್ಕೆ ಹೊಂದದು. ಆ ಕಛೇರಿಯ ಧ್ವನಿಮುದ್ರಿಕೆ ಈಗ ಸಿ.ಡಿ.ಯಲ್ಲಿದೆ. ಮೈಸೂರಿನಲ್ಲಿ ಯಾರ ಬಳಿಯಾದರೂ ಇದ್ದರೆ ತಿಳಿಸಿ, ನಾನೇ ಬಂದು ಕೂತು ಕೇಳುತ್ತೇನೆ. ಮಾವನನ್ನೂ ಕರೆತರುವ ಆಸೆಯಿದೆ.