ಹಸಿರು ಗಸಿ

ಏಪ್ರಿಲ್ ತಿಂಗಳು. ಬಳ್ಳಾರಿಯಲ್ಲಿ ಬೆಳಿಗ್ಗೆ ಹತ್ತರ ಮೇಲೆ ಹೊರಗೆ ಕಾಲಿಡುವ ಹಾಗಿರಲಿಲ್ಲ. ಬೆಂಗಳೂರಿನಿಂದ ಬಂದಿದ್ದ ಗೆಳೆಯ ಒಂದು ಬೆಳ್ಳಿ ಬಣ್ಣದ ಪೊಟ್ಟಣ ಕೈಗಿಟ್ಟು ಹೋದ. 50 ಗ್ರಾಂ ಹಾಪ್ಸ್, ಕ್ಯಾಸ್ಕೇಡ್ ಅನ್ನುವ ಅಮೆರಿಕದ ತಳಿ. ಬಿಯರಿಗೆ ಕಹಿಯನ್ನೂ ಘಮವನ್ನೂ ಕೊಡುವ ಬಳ್ಳಿಯ ಹೂವು ಇದು. ನಮ್ಮ ದೇಶದಲ್ಲಿ ಹಿಮಾಚಲದ ಲಾಹೌಲ್ ಕಣಿವೆಯ ಚಳಿಯಲ್ಲಿ ಬೆಳೆಯುತ್ತಾರೆ. ಪೊಟ್ಟಣದಲ್ಲಿದ್ದದ್ದು ಇಡೀ ಹೂವಲ್ಲ, ಪುಡಿ ಮಾಡಿ ಒತ್ತಿದ ಹಸಿರು ಗುಳಿಗೆ. ಅಮ್ಮ ಒಂದನ್ನು ಅಂಗೈ ಮೇಲಿಟ್ಟುಕೊಂಡು ನೋಡಿ, "ಇದು ಎಮ್ಮಿಗೆ ಹಾಕೋ ಫೀಡ್ ಅಲ್ಲೇನು?" ಅಂದರು. ನೋಡಲು ಥೇಟ್ ಹಾಗೇ. ಮೂಸಿದರೆ ಮಾತ್ರ ಆಗಷ್ಟೇ ಸುಲಿದ ಚಕ್ಕೋತದ ಸಿಪ್ಪೆ.

ಬಿಯರ್ ಮಾಡುವ ಆಸೆ ಇತ್ತು, ಸುಳ್ಳೇಕೆ ಹೇಳಲಿ. ಆದರೆ ಕರ್ನಾಟಕ ಅಬಕಾರಿ ಕಾಯ್ದೆ 1965ರ ಪ್ರಕಾರ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಮದ್ಯ ತಯಾರಿಸುವಂತಿಲ್ಲ. ಮನೆಯಲ್ಲಿ ಕೊಂಬುಚಾ ಹೇಗೂ ಇತ್ತು. ಸಕ್ಕರೆ ಹಾಕಿದ ಚಹಾ, ಮೇಲೆ ದೋಸೆಯಂತೆ ತೇಲುವ ಕೆನೆ, ಒಂದು ವಾರಕ್ಕೆ ಹುಳಿ. ಅದಕ್ಕೇ ಹಾಪ್ಸ್ ಹಾಕೋಣ ಅಂದುಕೊಂಡೆ. ಹಾಪ್ಸನ್ನು ಕುದಿಸಿದರೆ ಕಹಿ ಬರುತ್ತದೆ, ತಣ್ಣಗೆ ನೆನೆಸಿದರೆ ಘಮ. ನನಗೆ ಬೇಕಿದ್ದದ್ದು ಘಮ. ಹುಳಿ ಬಂದ 5 ಲೀಟರನ್ನು ಬೇರೆ ಜಾಡಿಗೆ ಬಗ್ಗಿಸಿ 15 ಗ್ರಾಂ ಗುಳಿಗೆ ಸುಮ್ನೆ ಸುರಿದುಬಿಟ್ಟೆ.

ಎರಡು ದಿನ ಬಿಟ್ಟು ನೋಡಿದರೆ ಗುಳಿಗೆ ಎಲ್ಲಿದೆ? ಎಲ್ಲ ಒಡೆದು, ಉಬ್ಬಿ, ಗೋರಂಟಿ ಅರೆದು ಕಲಸಿದ ಹಾಗಾಗಿತ್ತು. ಅರ್ಧ ಮೇಲೆ ತೇಲುತ್ತಿತ್ತು, ಅರ್ಧ ತಳದಲ್ಲಿ. ಮೀನಿನ ತೊಟ್ಟಿಗೆ ಬಳಸುವ ಪೈಪು ತಂದಿದ್ದೆ. ಜಾಡಿಯನ್ನು ಕಟ್ಟೆ ಮೇಲಿಟ್ಟು, ಬಾಟಲಿ ಕೆಳಗಿಟ್ಟು ನೀರಿಳಿಸಿದೆ. ಅರ್ಧ ಬಾಟಲಿ ತುಂಬುವಷ್ಟರಲ್ಲಿ ಪೈಪು ಕಟ್ಟಿತು. ಊದಿದರೆ ಜಾಡಿಯೊಳಗೆ ಗುಳುಗುಳು ಅಂದು, ತಳದ್ದೆಲ್ಲ ಎದ್ದು ಮತ್ತೆ ಕದಡಿತು. ಪೈಪಿನ ತುದಿಗೆ ಬಟ್ಟೆ ಕಟ್ಟಿದೆ. ಎರಡೇ ನಿಮಿಷಕ್ಕೆ ಬಟ್ಟೆಯ ಕಣ್ಣುಗಳೆಲ್ಲ ಹಸಿರು ಅಂಟಿನಿಂದ ಮುಚ್ಚಿಹೋದವು. ಸಿಟ್ಟು ಬಂತು. ಚಹಾ ಜರಡಿ ಹಿಡಿದು ಎತ್ತರದಿಂದ ದಬದಬ ಸುರಿದೆ. ಹಾಗೆ ಸುರಿದರೆ ಗಾಳಿ ಬೆರೆತು ಹಾಪ್ಸಿನ ಘಮ ಸಾಯುತ್ತದೆ ಅಂತ ಆಮೇಲೆ ಗೊತ್ತಾಯಿತು. ಒಳಗೇ ಹುಳಿತು ಗ್ಯಾಸು ಹುಟ್ಟಲಿ ಅಂತ ಆರು ಬಾಟಲಿಗೂ ಒಂದೊಂದು ಚಮಚ ಸಕ್ಕರೆ ಹಾಕಿ, ತಂತಿ ಕೊಂಡಿಯ ಮುಚ್ಚಳ ಬಿಗಿದೆ.

ಮೂರನೇ ದಿನ ಸಂಜೆ ಒಂದರ ಕೊಂಡಿ ಎತ್ತಿದೆ. ಆಮೇಲೆ ನನ್ನ ಕೈಯಲ್ಲಿ ಉಳಿದದ್ದು ಬಾಟಲಿ ಮಾತ್ರ. ಒಳಗಿದ್ದದ್ದು ಚಾವಣಿಯಲ್ಲಿತ್ತು.

ಸೋಡಾಕ್ಕೆ ಉಪ್ಪು ಹಾಕಿದ ಕೂಡಲೇ ಉಕ್ಕುತ್ತದಲ್ವಾ? ಅದೇ ಕಥೆ. ನೀರಿನಲ್ಲಿ ಕರಗಿ ಕೂತ ಗ್ಯಾಸು ಗುಳ್ಳೆಯಾಗಲು ಒಂದು ಒರಟು ಜಾಗ ಹುಡುಕುತ್ತಿರುತ್ತದೆ. ಹಾಪ್ಸಿನ ಒಂದೊಂದು ಚೂರೂ ಅಂಥ ಜಾಗ. ನಾನು ಬಾಟಲಿಗೆ ಅಂಥವು ಸಾವಿರ ತುಂಬಿದ್ದೆ. ಸಾಲದ್ದಕ್ಕೆ ನಮ್ಮೂರಿನ ಬಿಸಿಲು. ಉಳಿದ ಐದನ್ನು ರಾತ್ರಿಯೆಲ್ಲ ಫ್ರಿಜ್ಜಿನಲ್ಲಿಟ್ಟು, ಬಕೆಟ್ಟಿನೊಳಗೆ ಹಿಡಿದು ಒಂದೊಂದಾಗಿ ತೆಗೆದೆ. ಅರ್ಧರ್ಧ ಸಿಕ್ಕಿತು. ಕುಡಿದರೆ ಹಲ್ಲಿಗೆಲ್ಲ ಹುಲ್ಲು.

ಚಾವಣಿ ನೋಡುತ್ತಾ ಅಮ್ಮ ಕೇಳಿದರು, "ಮಳೆಗಾಲದಾಗ ನಳದ ನೀರು ಕೆಂಪಗ ಬರ್ತಿತ್ತಲ್ಲ, ಅರಿವಿಲೆ ಸೋಸಿದ್ರ ಮಣ್ಣು ನಿಂತಿತ್ತೇನು?"

ನಿಲ್ಲುತ್ತಿರಲಿಲ್ಲ. ತುಂಗಭದ್ರೆಗೆ ಹೊಸ ನೀರು ಬಂದಾಗ ಹಂಡೆಯ ನೀರು ಚಹಾದ ಬಣ್ಣಕ್ಕಿರುತ್ತಿತ್ತು. ಅಮ್ಮ ಪಟಿಕದ ತುಂಡು ಹಿಡಿದು ನೀರಲ್ಲಿ ನಾಲ್ಕು ಸುತ್ತು ತಿರುಗಿಸಿ ಬಿಟ್ಟುಬಿಡುತ್ತಿದ್ದರು. ರಾತ್ರಿ ಯಾರೂ ಹಂಡೆ ಮುಟ್ಟುವಂತಿಲ್ಲ. ಬೆಳಿಗ್ಗೆ ಚರಿಗೆಯನ್ನು ಓರೆಯಾಗಿ ಇಳಿಸಿ, ಮೇಲಿನ ನೀರನ್ನಷ್ಟೇ ತೆಗೆಯುತ್ತಿದ್ದರು. ತಳದ ನಾಲ್ಕು ಬೆರಳು ನೀರು ಗಿಡಕ್ಕೆ. ಚಿಕ್ಕವನಿದ್ದಾಗ ಎಷ್ಟು ಸಲ ನೋಡಿದ್ದೇನೆ!

ಎರಡನೇ ಸಲ ಮತ್ತೆ 15 ಗ್ರಾಂ. ಈ ಸಲ ತೆಳು ಬಟ್ಟೆಯ ಚೀಲ, ತೇಲದಿರಲಿ ಅಂತ ಒಳಗೆ ನಾಲ್ಕು ಗಾಜಿನ ಗೋಲಿ. ಎರಡನ್ನೂ ಕುದಿಸಿಕೊಂಡಿದ್ದೆ. ಹಾಪ್ಸ್ ಉಬ್ಬುತ್ತದೆ ಅಂತ ಚೀಲ ಸಡಿಲವಾಗಿ ಕಟ್ಟಿದೆ. ತೆಗೆಯುವಾಗ ಹಿಂಡಬಾರದು. ನಾನು ಒಂಚೂರು ಹಿಂಡಿದೆ, ತಡೆಯಲಾಗಲಿಲ್ಲ. ಹಸಿರು ನೀರು ಇಳಿಯಿತು, ಬಿಟ್ಟೆ. ಆಮೇಲೆ ಜಾಡಿ ಎರಡು ರಾತ್ರಿ ಫ್ರಿಜ್ಜಿನಲ್ಲಿ. ದೋಸೆ ಹಿಟ್ಟು ಹೊರಗೆ ಬಂದು ಹುಳಿಯಾಯಿತು, ಅದಕ್ಕೆ ಬೇರೆ ಬೈಗುಳ. ಆದರೆ ತಂಪಿಗೆ ಚೂರುಗಳೆಲ್ಲ ಇಳಿದು, ತಳದಲ್ಲಿ ಬೆರಳು ದಪ್ಪದ ಗಸಿ ಕಟ್ಟಿತು. ಮೇಲಿನದು ಜೇನಿನ ಬಣ್ಣ.

ಪೈಪನ್ನು ಉದ್ದ ಹಿಡಿಕೆಯ ಚಮಚಕ್ಕೆ ಕಟ್ಟಿ, ಬಾಯಿ ಗಸಿಗಿಂತ ಎರಡು ಬೆರಳು ಮೇಲಿರುವಂತೆ ಇಳಿಬಿಟ್ಟೆ. ಪೈಪಿನಲ್ಲಿ ಮೊದಲೇ ಕುದಿಸಿ ಆರಿಸಿದ ನೀರು ತುಂಬಿಕೊಂಡಿದ್ದೆ, ಬಾಯಿಂದ ಎಳೆಯುವ ಕೆಲಸ ಇರಲಿಲ್ಲ. ಇನ್ನೊಂದು ತುದಿ ಬಾಟಲಿಯ ತಳಕ್ಕೆ. ಸದ್ದಿಲ್ಲದೆ ತುಂಬಿತು. ಕೊನೆಗೆ ಅರ್ಧ ಲೀಟರ್ ಉಳಿದಾಗ ಆಸೆಯಾಗಿ ಜಾಡಿ ಓರೆ ಮಾಡಲು ಹೋದೆ. ಅಮ್ಮ ಜಾಡಿಯ ಮೇಲೆ ಕೈ ಇಟ್ಟರು.

ಒಂದು ಪ್ಲಾಸ್ಟಿಕ್ ಬಾಟಲಿಯನ್ನೂ ತುಂಬಿಟ್ಟಿದ್ದೆ. ಅದು ಹಿಚುಕಿದರೆ ಬಗ್ಗದಷ್ಟು ಗಟ್ಟಿಯಾಯಿತೆಂದರೆ ಎಲ್ಲವನ್ನೂ ಫ್ರಿಜ್ಜಿಗೆ ಹಾಕಬೇಕು. ನಮ್ಮಲ್ಲಿ ಒಂದೂವರೆ ದಿನ ಸಾಕಾಯಿತು. ಮೊದಲ ಬಾಟಲಿಯನ್ನು ಬಚ್ಚಲಲ್ಲಿ ನಿಂತು, ಮುಖ ಆಚೆ ತಿರುಗಿಸಿ ತೆಗೆದೆ. ಪುಸ್ ಅಂದಿತು, ಅಷ್ಟೇ. ಅಮ್ಮ ಒಂದು ಗುಟುಕು ಕುಡಿದು, "ವಾಸನಿ ಚಲೋ ಐತಿ," ಅಂದು ಲೋಟ ನನ್ನ ಕಡೆ ಸರಿಸಿದರು.

ಹಾಪ್ಸಿನ ಚರಟ ತಿಂದರೆ ನಾಯಿಗೆ ಜೀವಕ್ಕೇ ಕುತ್ತು, ಮೈಯ ಬಿಸಿ ವಿಪರೀತ ಏರಿಬಿಡುತ್ತದೆ. ನಮ್ಮ ಬೀದಿಯಲ್ಲಿ ನಾಯಿ ಜಾಸ್ತಿ. ಹಾಗಾಗಿ ಚೀಲದ್ದನ್ನೂ ತಳದ ಗಸಿಯನ್ನೂ ಕರಿಬೇವಿನ ಗಿಡದ ಬುಡದಲ್ಲಿ ಆಳಕ್ಕೆ ಹೂತು ಮೇಲೊಂದು ಕಲ್ಲಿಟ್ಟೆ. ಪೊಟ್ಟಣದಲ್ಲಿ ಇನ್ನೂ 20 ಗ್ರಾಂ ಇದೆ, ಫ್ರೀಜರಿನಲ್ಲಿ ಬಟಾಣಿಯ ಪಕ್ಕ. ಚಾವಣಿಗೆ ಇನ್ನೂ ಸುಣ್ಣ ಹೊಡೆಸಿಲ್ಲ.