ಕಾಲಡಿಯಲ್ಲೇ ಕಂಡ ನಗರ

ಬೆಟ್ಟದ ನೆತ್ತಿಯ ಮೇಲೆ ನಿಂತಾಗ ನಗರ ಪೂರ್ತಿ ಕಾಣುತ್ತಿತ್ತು. ಹೆದ್ದಾರಿಯಲ್ಲಿ ಸಾಗುವ ಲಾರಿಗಳು ಕಂಡವು, ರೈಲು ಕೂಗಿದ್ದೂ ಕೇಳಿಸಿತು. ಬೆಳಿಗ್ಗೆ ಹೊರಟು ಸಂಜೆಗೆ ಮನೆ ಸೇರುವ ಚಾರಣವೆಂದು ನಾನೂ ತಮ್ಮನೂ ಬಂದಿದ್ದೆವು. ಇಷ್ಟು ಹತ್ತಿರದ ಬೆಟ್ಟದಲ್ಲಿ ಏನಾದೀತು ಎಂಬ ಧೈರ್ಯ ಇಬ್ಬರಿಗೂ ಇತ್ತು.

ಹತ್ತುವಾಗಲೇ ಹೊತ್ತು ಕೈತಪ್ಪಿತ್ತು. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕವನ್ನು ಚಾರಣಿಗರು ಇಂದಿಗೂ ಬಳಸುತ್ತಾರೆ: ಸುಮಾರು 5 ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, ಏರುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ನಮ್ಮದು 6 ಕಿಲೋಮೀಟರ್ ದಾರಿ, 800 ಮೀಟರ್ ಏರು. ಎರಡೂವರೆ ಗಂಟೆ ಸಾಕಾಗಬೇಕಿತ್ತು. ಆದರೆ ಅದರಲ್ಲಿ ಸುಧಾರಿಸಿಕೊಳ್ಳಲು ಕೂರುವ ಹೊತ್ತು ಸೇರಿಲ್ಲ. ನಮಗೆ ನಾಲ್ಕು ಗಂಟೆ ಹಿಡಿಯಿತು.

ಇಳಿಯುವಾಗ ಅಗಲವಾದ ಹಾಸುಬಂಡೆಯೊಂದು ಸಿಕ್ಕಿತು. ಮಣ್ಣಿನಲ್ಲಿ ಸ್ಪಷ್ಟವಾಗಿದ್ದ ಕಾಲುದಾರಿ ಬಂಡೆಯ ಮೇಲೆ ಮಾಯವಾಗಿತ್ತು. ಆಚೆ ಬದಿಯಲ್ಲಿ ಒಣಗಿದ ತೊರೆಯೊಂದು ನೇರವಾಗಿ ಕೆಳಗಿಳಿಯುತ್ತಿತ್ತು.

“ಅಕ್ಕಾ, ರಸ್ತೆ ಅಲ್ಲೇ ಕಾಣಿಸುತ್ತಿದೆ. ಇದರಲ್ಲೇ ಇಳಿದುಬಿಡೋಣ,” ಎಂದ ತಮ್ಮ. ನಾನೂ ಹೂಂ ಎಂದೆ. ಆ ಒಂದು ಹೂಂಕಾರ ಈಗಲೂ ನನ್ನನ್ನು ಕಾಡುತ್ತದೆ.

ಮೊದಮೊದಲು ಸಲೀಸಾಗಿತ್ತು. ಆಮೇಲೆ ಬಂಡೆಗಳು ಆಳೆತ್ತರವಾದವು. ಕುಳಿತು ಜಾರಿ, ಕೈಯೂರಿ ಹಾರಿ ಇಳಿದೆವು. ನೀರು ಸವೆಸಿದ ಕಲ್ಲು ಅಂಗೈಗೆ ಗಾಜಿನಂತೆ ನುಣುಪಾಗಿತ್ತು. ಬೆರಳಿಗೆ ಹಿಡಿತವೇ ಇಲ್ಲ. ಎರಡು ಬದಿಯ ಗೋಡೆಗಳ ನಡುವೆ ಮೊಬೈಲ್ ಸಿಗ್ನಲ್ ಸತ್ತಿತು. ಸೂರ್ಯ ಬೆನ್ನ ಹಿಂದಿನ ಬೆಟ್ಟದಾಚೆ ಸರಿದಿದ್ದ. ಕೊರಕಲಿನಲ್ಲಿ ಮಬ್ಬು ಕವಿದಿದ್ದರೂ ದೂರದ ನಗರ ಇನ್ನೂ ಬಿಸಿಲಲ್ಲಿ ಹೊಳೆಯುತ್ತಿತ್ತು. ಅದನ್ನು ನೋಡುತ್ತ ಮತ್ತೆ ಇಳಿದೆವು.

ತೊರೆ ಇದ್ದಕ್ಕಿದ್ದಂತೆ ಮುಗಿಯಿತು. ಮುಂದೆ ನೆಲವಿರಲಿಲ್ಲ. ಮಳೆಗಾಲದಲ್ಲಿ ಜಲಪಾತವಾಗುವ ಜಾಗ ಅದು. ತಮ್ಮ ಎಸೆದ ಕಲ್ಲು ಕೆಳಗೆ ತಾಗಿದ ಸದ್ದು ಬರುವಷ್ಟರಲ್ಲಿ ನಾನು ಅವನ ಅಂಗಿಯನ್ನು ಹಿಡಿದುಕೊಂಡಿದ್ದೆ.

ನೀರಿಗೆ ಸುತ್ತುದಾರಿ ಬೇಕಿಲ್ಲ, ಅದು ಬಿದ್ದಾದರೂ ಕೆಳಗೆ ಸೇರುತ್ತದೆ. ನೀರಿನ ದಾರಿ ಮನುಷ್ಯನ ದಾರಿಯಲ್ಲ ಎಂಬುದು ಆ ಅಂಚಿನಲ್ಲಿ ನಿಂತಾಗ ನನಗೆ ಹೊಳೆಯಿತು. ಜಾರಿ ಇಳಿದ ಬಂಡೆಯನ್ನು ಮರಳಿ ಹತ್ತಲು ಆಗದಿದ್ದರೆ, ಮೇಲಕ್ಕೂ ಇಲ್ಲ ಕೆಳಕ್ಕೂ ಇಲ್ಲ ಎಂಬ ಸ್ಥಿತಿ. ನಗರದ ಮಗ್ಗುಲಿನ ಬೆಟ್ಟಗಳ ಬಗ್ಗೆ ನನಗಿರುವ ದೊಡ್ಡ ಭಯ ಇದೇ. ಕಾಡಿನ ನಡುವೆ ದಾರಿ ತಪ್ಪಿದ್ದರೆ ನಾವು ಹೆದರಿ ನಿಲ್ಲುತ್ತಿದ್ದೆವೇನೋ. ಇಲ್ಲಿ ಕಣ್ಣಿಗೆ ಕಾಣುವ ದೀಪಗಳು ನಿಲ್ಲಲು ಬಿಡುವುದಿಲ್ಲ.

ದಾರಿ ಕೊನೆಯದಾಗಿ ಕಂಡದ್ದು ಹಾಸುಬಂಡೆಯ ಬಳಿ. ಅಲ್ಲಿಗೇ ಹಿಂತಿರುಗಬೇಕಿತ್ತು. ಮನೆಯ ದಿಕ್ಕಿಗೆ ಬೆನ್ನು ಹಾಕಿ, ಕತ್ತಲಾಗುವ ಹೊತ್ತಿನಲ್ಲಿ ಮತ್ತೆ ಬೆಟ್ಟ ಹತ್ತಲು ಕಾಲಿಗಿಂತ ಮನಸ್ಸು ಹೆಚ್ಚು ಹಟ ಮಾಡಿತು. ಒಂದು ಬಂಡೆಗೆ ತಮ್ಮನ ಹೆಗಲ ಮೇಲೆ ನಿಂತು ಹತ್ತಿದೆ. ಮೇಲಿನಿಂದ ನನ್ನ ದುಪಟ್ಟಾ ಇಳಿಬಿಟ್ಟು, ಮರದ ಬೇರಿಗೆ ಕಾಲೊತ್ತಿ ಅವನನ್ನು ಎಳೆದುಕೊಂಡೆ. “ಹಿಡಿದಿದ್ದೀಯಾ ಅಕ್ಕಾ?” ಎಂದು ಮೂರು ಸಲ ಕೇಳಿದ. ಅವನ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಬಾಲ್ಯದ ನಂತರ ಕೇಳಿರಲಿಲ್ಲ.

ಮುಕ್ಕಾಲು ಗಂಟೆಯ ನಂತರ ಹಾಸುಬಂಡೆಯ ಎಡ ಅಂಚಿನಲ್ಲಿ, ಟಾರ್ಚಿನ ಬೆಳಕಿಗೆ, ಬಿಳಿ ಬಣ್ಣದ ಬಾಣದ ಗುರುತು ಸಿಕ್ಕಿತು. ಉಳಿದ ದಾರಿಯುದ್ದಕ್ಕೂ ಇಬ್ಬರೂ ಮಾತಾಡಲಿಲ್ಲ.

ಬಸ್ಸಿನಲ್ಲಿ ಕುಳಿತ ಮೇಲೆ ತಮ್ಮ ಮೊಬೈಲಿನ ನಕ್ಷೆಯಲ್ಲಿ ಆ ಕೊರಕಲನ್ನು ಹುಡುಕಿ ನನ್ನ ಮುಂದೆ ಹಿಡಿದ. ಒಂದೇ ಎತ್ತರದ ಜಾಗಗಳನ್ನು ಜೋಡಿಸುವ, ಒತ್ತೊತ್ತಾಗಿದ್ದಷ್ಟೂ ಇಳಿಜಾರು ಕಡಿದೆಂದು ತೋರಿಸುವ ಸಮೋನ್ನತಿ ರೇಖೆಗಳು ಅಲ್ಲಿ ಒಂದಕ್ಕೊಂದು ಅಂಟಿಕೊಂಡು ಕಪ್ಪು ಪಟ್ಟಿಯಂತಾಗಿದ್ದವು. ಬೆಳಿಗ್ಗೆ ಹೊರಡುವಾಗ ಇದೇ ನಕ್ಷೆಯನ್ನು ಇಬ್ಬರೂ ನೋಡಿದ್ದೆವು.